ಮನೆಯಲ್ಲಿ ಸಾವಾದರೆ ಎಷ್ಟು ಪೋರ್ಟಲ್ ಸುತ್ತಬೇಕು? ಸರ್ಕಾರಿ ಜಾಲತಾಣ ನಮ್ಮ ಕೆಲಸ ನೋಡಿ ಕಟ್ಟಬೇಕಲ್ವಾ?

ಘಟಪ್ರಭಾ ದಂಡೆ (ಮುಧೋಳ)
ಒಂದು ರೈತ ಕುಟುಂಬದ ಯಜಮಾನ ತೀರಿಕೊಂಡರೆ ಮನೆಯವರ ಮುಂದೆ ಏನೇನು ಸರ್ಕಾರಿ ಕೆಲಸ ಬಂದು ನಿಲ್ಲುತ್ತವೆ ಅಂತ ಒಮ್ಮೆ ನೋಡಿ. ಮರಣ ಪ್ರಮಾಣ ಪತ್ರ. ವಂಶವೃಕ್ಷ. ಹೊಲದ ಉತಾರಕ್ಕೆ (ಪಹಣಿಗೆ) ವಾರಸುದಾರರ ಹೆಸರು ಹಚ್ಚುವುದು, ಅಂದರೆ ವಾರಸಾ. ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದು. ಕರೆಂಟ್ ಮೀಟರ್ ಹೆಸರು ಬದಲಾವಣೆ. ತಾಯಿಗೆ ವಿಧವಾ ವೇತನ. ಸೊಸೈಟಿ ಸಾಲ, ಬೆಳೆ ವಿಮೆ, ರೈತರ ಎಫ್‌ಐಡಿ (ಸರ್ಕಾರ ಕೊಡುವ ರೈತರ ಗುರುತಿನ ನಂಬರ್).

ಒಂದೊಂದಕ್ಕೂ ಒಂದೊಂದು ಪೋರ್ಟಲ್, ಒಂದೊಂದು ಲಾಗಿನ್. ಯಾವುದು ಮೊದಲು, ಯಾವುದು ಆಮೇಲೆ ಅಂತ ಒಂದೇ ಕಡೆ ಎಲ್ಲೂ ಬರೆದಿಲ್ಲ. ಮರಣ ಪ್ರಮಾಣ ಪತ್ರ ಇಲ್ಲದೆ ವಂಶವೃಕ್ಷ ಆಗಲ್ಲ, ವಂಶವೃಕ್ಷ ಇಲ್ಲದೆ ವಾರಸಾ ಆಗಲ್ಲ. ಕಚೇರಿಯಲ್ಲಿ ಕೂತವರಿಗೆ ಇದು ಬಾಯಿಪಾಠ. ದುಃಖದಲ್ಲಿರುವ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ನನ್ನ ಪ್ರಶ್ನೆ ಇಷ್ಟೇ. ಇಲಾಖೆಗಳ ಲೆಕ್ಕದಲ್ಲಿ ಜಾಲತಾಣ ಕಟ್ಟುವ ಬದಲು ಜನರ ಕೆಲಸದ ಲೆಕ್ಕದಲ್ಲಿ ಯಾಕೆ ಕಟ್ಟಬಾರದು? "ಮನೆಯಲ್ಲಿ ಸಾವಾಗಿದೆ", "ಹೊಲ ಖರೀದಿ ಮಾಡುತ್ತಿದ್ದೇವೆ", "ಮಗಳನ್ನು ಕಾಲೇಜಿಗೆ ಹಚ್ಚಬೇಕು". ಹೀಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಅನುಭವ ಹೇಳಿ. ಕಚೇರಿ ಹೆಸರು ಹಿಡಿದು ಬೈಯುವುದು ಬೇಡ. ಏನು ಕಷ್ಟ, ಹೇಗಿದ್ದರೆ ಸರಿ ಅಂತ ಬರೆಯಿರಿ.

ಅಥಣಿ ಕಬ್ಬು
ಹೌದ್ರಿ. ಮುಖಪುಟ ತೆರೆದರೆ ಮೊದಲು ಕಾಣುವುದು ಸಾಹೇಬರ ಫೋಟೋ, ಉದ್ಘಾಟನೆ ಫೋಟೋ, ಸರಿಯುತ್ತಾ ಹೋಗುವ ಸುದ್ದಿ ಪಟ್ಟಿ. ಅರ್ಜಿ ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಮೊಬೈಲ್ ಡೇಟಾ ಮುಗಿಯುತ್ತೆ.

ಗ್ರಾಮ ಒನ್ ಆಪರೇಟರ್ (ಸಿಂದಗಿ ಕಡೆ)
ಹಳ್ಳಿಯ ಸರ್ಕಾರಿ ಸೇವಾ ಕೇಂದ್ರದಲ್ಲಿ ಅರ್ಜಿ ತುಂಬುವುದೇ ನನ್ನ ಕೆಲಸ, ಅದಕ್ಕೆ ಒಂದು ಮಾತು. ನಮ್ಮ ಭಾಗದಲ್ಲಿ ಜನ ಜಾಲತಾಣ ನೋಡುವುದೇ ಇಲ್ಲ. ನೋಡುವವರು ನಾವು. ರೈತರು, ತಾಯಂದಿರು ಬಂದು ಕುರ್ಚಿ ಪಕ್ಕ ನಿಲ್ಲುತ್ತಾರೆ. ಅವರು ಹೇಳುತ್ತಾರೆ, ನಾವು ಟೈಪ್ ಮಾಡುತ್ತೇವೆ. "ಬಳಕೆದಾರ" ಅಂದರೆ ಒಬ್ಬರಲ್ಲ, ಇಬ್ಬರು. ಒಬ್ಬರ ಹತ್ತಿರ ವಿಷಯ ಇದೆ, ಇನ್ನೊಬ್ಬರ ಹತ್ತಿರ ಕೀಬೋರ್ಡ್ ಇದೆ. ಈ ಜೋಡಿಯನ್ನು ಮನಸ್ಸಲ್ಲಿಟ್ಟು ಮಾಡಿದ ಒಂದು ಪುಟವನ್ನೂ ನಾನು ನೋಡಿಲ್ಲ.

ಇನ್ನು ನಿತ್ಯದ ಕಷ್ಟ. ಫೋಟೋ ಒಂದು ಕಡೆ 20 ಕೆಬಿ, ಇನ್ನೊಂದು ಕಡೆ 50 ಕೆಬಿ. ಪಿಡಿಎಫ್ ದೊಡ್ಡದಾದರೆ ತಗೊಳ್ಳಲ್ಲ, ಸಣ್ಣದು ಮಾಡಿದರೆ ಅಕ್ಷರ ಕಾಣಲ್ಲ ಅಂತ ಅರ್ಜಿ ತಿರಸ್ಕಾರ. ಅರ್ಧ ತುಂಬಿದ ಮೇಲೆ ಕಾಗದ ತರಲು ಜನ ಮನೆಗೆ ಓಡುತ್ತಾರೆ. ವಾಪಸ್ ಬರುವಷ್ಟರಲ್ಲಿ ಲಾಗಿನ್ ಮುಗಿದಿರುತ್ತೆ, ತುಂಬಿದ್ದೆಲ್ಲ ಹೋಯಿತು. ಫೋಟೋ ಸಣ್ಣದು ಮಾಡುವುದು ಕಂಪ್ಯೂಟರ್ ಕೆಲಸ. ಅದನ್ನು ಜನರ ತಲೆಗೆ ಯಾಕೆ ಕಟ್ಟಬೇಕು?

ಟಿಳಕವಾಡಿ ಟೆಕ್ಕಿ
ಮುಧೋಳದ ಅಣ್ಣಾರು ಕೇಳಿದ್ದಕ್ಕೆ ಒಂದು ಹೊರಗಿನ ಉದಾಹರಣೆ ಇದೆ. ಬ್ರಿಟನ್‌ನಲ್ಲಿ 2011ರಲ್ಲಿ ಗವರ್ನಮೆಂಟ್ ಡಿಜಿಟಲ್ ಸರ್ವಿಸ್ ಅಂತ ಒಂದು ತಂಡ ಶುರುವಾಯಿತು. 2012ರ ಅಕ್ಟೋಬರ್‌ನಲ್ಲಿ ಗವ್.ಯುಕೆ ಅನ್ನುವ ಸರ್ಕಾರಿ ಜಾಲತಾಣ ಬಂತು. ಆಮೇಲೆ ಇಲಾಖೆಗಳ ನೂರಾರು ಜಾಲತಾಣಗಳನ್ನು ಅದರೊಳಗೆ ಸೇರಿಸಿದರು. ಅವರ ವಿನ್ಯಾಸ ತತ್ವಗಳಲ್ಲಿ ಮೊದಲನೆಯದೇ ಬಳಕೆದಾರರ ಅಗತ್ಯದಿಂದ ಶುರು ಮಾಡಿ ಅನ್ನುವುದು.

ಸಾವಿನ ವಿಷಯಕ್ಕೆ ಅವರ ಹತ್ತಿರ "ಟೆಲ್ ಅಸ್ ಒನ್ಸ್" ಅನ್ನುವ ಸೇವೆ ಇದೆ. ಮರಣ ನೋಂದಣಿ ಆದಮೇಲೆ ಒಂದು ಸಲ ತಿಳಿಸಿದರೆ ಪಿಂಚಣಿ, ತೆರಿಗೆ, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಇಲಾಖೆಗಳಿಗೆ ಸುದ್ದಿ ಹೋಗುತ್ತೆ. ಮನೆಯವರು ಒಂದೊಂದೇ ಬಾಗಿಲು ಬಡಿಯಬೇಕಿಲ್ಲ.

ಜಮಖಂಡಿ ವಕೀಲ
ಅಲ್ಲಿಯದು ಇಲ್ಲಿ ನಡೆಯಲ್ಲ. ನಮ್ಮಲ್ಲಿ ಒಬ್ಬ ಸತ್ತರೆ ಹೊಲದಲ್ಲಿ ಎಷ್ಟು ಜನರ ಹಕ್ಕಿದೆ ನೋಡಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಪಾಲಿದೆ. ವಾರಸಾಕ್ಕೆ ನೋಟಿಸ್ ಕೊಡಬೇಕು, ಆಕ್ಷೇಪಣೆಗೆ ಸಮಯ ಬಿಡಬೇಕು. ಒಂದು ಬಟನ್ ಒತ್ತಿ ಎಲ್ಲ ಮುಗಿಸಿಬಿಟ್ಟರೆ ಅಕ್ಕ ತಂಗಿಯರ ಹೆಸರು ಬಿಟ್ಟುಹೋಗುತ್ತದೆ. ಕೆಲವು ಕಡೆ ನಿಧಾನವಿರುವುದೇ ಒಳ್ಳೆಯದು.

ಟಿಳಕವಾಡಿ ಟೆಕ್ಕಿ
ವಕೀಲರೇ, ಹಕ್ಕಿನ ತೀರ್ಮಾನ ಬಟನ್ ಮೇಲೆ ಆಗಲಿ ಅಂತ ಯಾರೂ ಹೇಳ್ತಿಲ್ಲ. ರೇಷನ್ ಕಾರ್ಡ್ ಮತ್ತು ಪಿಂಚಣಿಯಿಂದ ಹೆಸರು ತೆಗೆಯುವುದಕ್ಕೆ ಆಕ್ಷೇಪಣೆ ಅವಧಿ ಬೇಕಾ? ಇಲ್ವಲ್ಲ. ಅದನ್ನಾದರೂ ಒಂದೇ ಸುದ್ದಿಯಲ್ಲಿ ಮುಗಿಸಬಹುದು. ವಾರಸಾ ಅರ್ಜಿಗೆ ಏನೇನು ಬೇಕು, ಎಷ್ಟು ಕಾಯಬೇಕು ಅಂತ ಅದೇ ಪುಟದಲ್ಲಿ ಹೇಳಿದರೆ ಅಕ್ಕ ತಂಗಿಯರಿಗೇ ಲಾಭ. ಅವರಿಗೂ ಗೊತ್ತಾಗುತ್ತೆ.

ಬೈಲಹೊಂಗಲ ಅಕ್ಕ
ಇಲ್ಲಿ ನಡೆಯಲ್ಲ ಅನ್ನುವುದನ್ನು ನಾನೂ ಒಪ್ಪಲ್ಲ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿ ನೆನಪಿದೆಯಲ್ಲ? ಸರ್ವರ್ ತೊಂದರೆ ಆಯಿತು, ಸಾಲು ನಿಂತೆವು, ಅದು ಬೇರೆ ಮಾತು. ಆದರೆ ಕೇಳಿದ ಕಾಗದ ನೋಡಿ. ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್. ಮನೆಯ ಯಜಮಾನಿ ಯಾರು ಅನ್ನುವುದು ರೇಷನ್ ಕಾರ್ಡಿನಲ್ಲೇ ಇತ್ತು, ಬೇರೆ ಪ್ರಮಾಣ ಪತ್ರ ತನ್ನಿ ಅನ್ನಲಿಲ್ಲ. ಸರ್ಕಾರದ ಹತ್ತಿರ ಇರುವ ಮಾಹಿತಿಯನ್ನು ಸರ್ಕಾರವೇ ತಗೊಂಡರೆ ಜನರ ಕೆಲಸ ಎಷ್ಟು ಹಗುರ ಅಂತ ಅಲ್ಲೇ ಗೊತ್ತಾಯಿತು.

ನಿವೃತ್ತ ತಲಾಟಿ
ಎಲ್ಲರೂ ಬ್ರಿಟನ್ ಕಡೆ ನೋಡುತ್ತಿದ್ದೀರಿ. ನಮ್ಮ ರಾಜ್ಯದಲ್ಲೇ ಇದಕ್ಕಿಂತ ಮೊದಲು ಒಂದು ಒಳ್ಳೆಯ ಕೆಲಸ ಆಗಿದೆ. ಅದನ್ನು ಹೇಳಲೇಬೇಕು.

2000ದ ಸುಮಾರಿಗೆ ಭೂಮಿ ಯೋಜನೆ ಬಂತು. ಅಲ್ಲಿಯವರೆಗೆ ಉತಾರ ತಲಾಟಿಗಳ, ಅಂದರೆ ಗ್ರಾಮ ಲೆಕ್ಕಿಗರ, ಕೈಬರಹದಲ್ಲಿ ಇರುತ್ತಿತ್ತು. ದಫ್ತರ ಅವರ ಮನೆಯಲ್ಲೇ ಇರುತ್ತಿದ್ದ ಊರುಗಳೂ ಇದ್ದವು. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ತಾಲ್ಲೂಕು ಕಚೇರಿಯಲ್ಲಿ ಕಿಯೋಸ್ಕ್ ಇಟ್ಟು 15 ರೂಪಾಯಿಗೆ ಉತಾರ ಕೊಟ್ಟರು. ಆಮೇಲೆ ಕೈಬರಹದ ಉತಾರ ನಡೆಯಲ್ಲ ಅಂತಾಯಿತು. ಇದೆಲ್ಲ ನಿಮಗೆ ಗೊತ್ತಿರಬಹುದು.

ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಎರಡು. ಒಂದು, ಆ ಕಿಯೋಸ್ಕಿನಲ್ಲಿ ಎರಡು ಪರದೆ ಇರುತ್ತಿದ್ದವು. ಒಂದು ಸಿಬ್ಬಂದಿ ಕಡೆ, ಇನ್ನೊಂದು ರೈತನ ಕಡೆ. ತನ್ನ ಹೊಲದ ವಿಷಯದಲ್ಲಿ ಏನು ನಡೀತಿದೆ ಅಂತ ರೈತ ನಿಂತಲ್ಲೇ ನೋಡಬಹುದಿತ್ತು. ಎರಡು, ಹೆಸರು ಬದಲಾವಣೆ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿದ್ದರು. ಹಿಂದೆ ಬಂದವನ ಅರ್ಜಿಯನ್ನು ಸುಮ್ನೆ ಮುಂದೆ ತಳ್ಳಲು ಆಗುತ್ತಿರಲಿಲ್ಲ.

ಜನರನ್ನು ಮನಸ್ಸಲ್ಲಿಟ್ಟು ಕಟ್ಟುವುದು ಅಂದರೆ ಇದೇ. ಬಣ್ಣ, ಫೋಟೋ ಅಲ್ಲ. ಯಾರ ಕಡೆ ಪರದೆ ತಿರುಗಿದೆ ಅನ್ನುವುದು ಮುಖ್ಯ.

ಗ್ರಾಮ ಒನ್ ಆಪರೇಟರ್ (ಸಿಂದಗಿ ಕಡೆ)
ತಲಾಟಿ ಸರ್, ನೀವು ಹೇಳಿದ್ದು ನನಗೆ ಸರಿಯಾಗಿ ನಾಟಿತು. ಈಗ ಸೇವೆಗಳೆಲ್ಲ ಆನ್‌ಲೈನ್ ಆದಮೇಲೆ ಆ ಎರಡನೇ ಪರದೆ ಹೋಯಿತು. ನನ್ನ ಅಂಗಡಿಯಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ, ಎಲ್ಲ ಕಡೆ ಪರದೆ ಟೈಪ್ ಮಾಡುವವನ ಕಡೆ. ಏನು ತುಂಬಿದರು ಅಂತ ಎದುರಿನವರಿಗೆ ಕಾಣಲ್ಲ.

ಇದನ್ನು ಸರಿ ಮಾಡಲು ಎರಡನೇ ಮಾನಿಟರ್ ಕೂಡ ಬೇಡ. ಸಲ್ಲಿಸುವ ಮೊದಲು ಒಂದು ಪುಟ ಬರಲಿ. ದೊಡ್ಡ ಅಕ್ಷರ, ಕನ್ನಡದಲ್ಲಿ: ನಿಮ್ಮ ಹೆಸರು ಇದು, ತಂದೆ ಹೆಸರು ಇದು, ಸರ್ವೆ ನಂಬರ್ ಇದು, ಫೋನ್ ನಂಬರ್ ಇದು. ಅದನ್ನು ಅವರಿಗೆ ಓದಿ ಹೇಳಿ, ತೋರಿಸಿ, ಹೂಂ ಅಂದ ಮೇಲೆ ಒತ್ತುತ್ತೇನೆ. ಆಮೇಲೆ ಕೊಡುವ ರಸೀದಿಯಲ್ಲೂ ಅದೇ ಕನ್ನಡ ಇರಲಿ. ಈಗ ಬರುವ ರಸೀದಿಯಲ್ಲಿ ಇಂಗ್ಲಿಷ್ ಜಾಸ್ತಿ. ಸರ್ಕಾರಿ ಶುಲ್ಕ ಎಷ್ಟು, ಅಂಗಡಿ ಶುಲ್ಕ ಎಷ್ಟು ಅಂತ ಬಿಡಿಸಿ ದೊಡ್ಡದಾಗಿ ಬರೆಯಲಿ. ಕೆಲವರು ಜಾಸ್ತಿ ತಗೊಳ್ಳುತ್ತಾರೆ ಅನ್ನುವ ದೂರು ನಮ್ಮೆಲ್ಲರ ಮೇಲೆ ಬರುತ್ತೆ. ಅದೂ ನಿಲ್ಲುತ್ತೆ.

ಬೈಲಹೊಂಗಲ ಅಕ್ಕ
ಹೆಸರಿನ ಖಾನೆ ಬಗ್ಗೆ ಯಾರಾದರೂ ಮಾತಾಡಿ. ಬೆಂಗಳೂರು ಕಡೆ ಇನಿಷಿಯಲ್ ಹಾಕುತ್ತಾರೆ. ನಮ್ಮ ಕಡೆ ಸ್ವಂತ ಹೆಸರು, ತಂದೆ ಹೆಸರು ಅಥವಾ ಗಂಡನ ಹೆಸರು, ಆಮೇಲೆ ಅಡ್ಡಹೆಸರು. ಕೆಲವು ಫಾರ್ಮಿನಲ್ಲಿ ಒಂದೇ ಖಾನೆ, ಕೆಲವದರಲ್ಲಿ ಮೂರು. ಆಧಾರದಲ್ಲಿ ಒಂದು ರೀತಿ, ಉತಾರದಲ್ಲಿ ಇನ್ನೊಂದು ರೀತಿ, ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. ಉತಾರದಲ್ಲಿ ಕನ್ನಡದಲ್ಲಿ "ಬಸಪ್ಪ" ಇದ್ದರೆ ಆಧಾರದ ಇಂಗ್ಲಿಷಿನಲ್ಲಿ "ಬಸವರಾಜ". ಊರಿಗೆಲ್ಲ ಒಬ್ಬನೇ ಮನುಷ್ಯ ಅಂತ ಗೊತ್ತು, ಕಂಪ್ಯೂಟರಿಗೆ ಇಬ್ಬರು. ಹೊಂದಿಕೆ ಆಗಲ್ಲ ಅಂತ ತಿರಸ್ಕಾರ ಮಾಡುವ ಬದಲು, "ಹೆಸರು ಬೇರೆ ಇದೆ, ಸರಿಪಡಿಸಲು ಹೀಗೆ ಮಾಡಿ" ಅಂತ ಅಲ್ಲೇ ದಾರಿ ತೋರಿಸಬೇಕು. ಮದುವೆ ಆದಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳಿಗೆ ಇದು ಎರಡರಷ್ಟು ಕಷ್ಟ.

ತಿಕೋಟಾ ದ್ರಾಕ್ಷಿ
ಜಿಲ್ಲೆಯ ಪಟ್ಟಿ ಕೂಡ. ವಿಜಯಪುರದ ಪಕ್ಕದಲ್ಲೇ ವಿಜಯನಗರ ಇರುತ್ತೆ. 2021ರಲ್ಲಿ ಆ ಜಿಲ್ಲೆ ಆದಮೇಲೆ ಬೆರಳು ಜಾರಿ ಅದನ್ನು ಒತ್ತಿದವರು ನಮ್ಮೂರಲ್ಲೇ ಇದ್ದಾರೆ. ಸಣ್ಣ ಮೊಬೈಲ್, ಸಣ್ಣ ಅಕ್ಷರ. ಅರ್ಜಿ ಹೊಸಪೇಟೆ ಕಡೆ ಹೋಗಿ ಕೂರುತ್ತೆ. ಪಿನ್ ಕೋಡ್ ಹಾಕಿದ ಮೇಲೆ ಜಿಲ್ಲೆ ತಾನೇ ಬರಬಾರದಾ? ತಿಕೋಟಾ ಈಗ ತಾಲ್ಲೂಕು. ಆದರೂ ಕೆಲವು ಪಟ್ಟಿಗಳಲ್ಲಿ ನಮ್ಮನ್ನು ಇನ್ನೂ ವಿಜಯಪುರ ತಾಲ್ಲೂಕಿನಲ್ಲೇ ಹುಡುಕಬೇಕು.

ಇಳಕಲ್ ಓದುಗ
ನಮ್ಮ ಕಡೆಯದು ಇನ್ನೊಂದು. ಬಾಗಲಕೋಟೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಕಾಗದದಲ್ಲಿ ಬಿಜಾಪುರ ಜಿಲ್ಲೆ. 2014ರ ನವೆಂಬರ್ 1ರಿಂದ ಅದು ವಿಜಯಪುರ. ಹುಟ್ಟಿದ ಜಿಲ್ಲೆ ಯಾವುದು ಅಂತ ಫಾರ್ಮ್ ಕೇಳಿದರೆ ಯಾವುದನ್ನು ಒತ್ತಬೇಕು? ಕಾಗದದ ಪ್ರಕಾರವಾ, ಈಗಿನ ನಕ್ಷೆ ಪ್ರಕಾರವಾ? ಒಂದು ಸಾಲಿನ ಸೂಚನೆ ಬರೆದರೆ ಸಾಕಿತ್ತು.

ನವನಗರ ನಿವಾಸಿ
ಇಳಕಲ್ಲಿನವರೇ, ನಿಮ್ಮ ಊರಾದರೂ ಇದೆ. ಆಲಮಟ್ಟಿ ಹಿನ್ನೀರಿನಲ್ಲಿ ಊರೇ ಮುಳುಗಿದವರ ಕಥೆ ಯೋಚನೆ ಮಾಡಿ. ಹಳೇ ದಾಖಲೆಯಲ್ಲಿ ಹಳೇ ಹಳ್ಳಿ, ಹಳೇ ಸರ್ವೆ ನಂಬರ್. ಮನೆ ಪುನರ್ವಸತಿ ಕೇಂದ್ರದಲ್ಲಿ. ವಿಳಾಸದ ಪಟ್ಟಿಯಲ್ಲಿ ಕೆಲವು ಸಲ ಹೊಸ ಊರು ಇರಲ್ಲ, ಕೆಲವು ಸಲ ಹಳೇ ಊರು ಇರಲ್ಲ. ಸಂತ್ರಸ್ತರ ಮಕ್ಕಳು ಮೀಸಲಾತಿಗೆ, ಪರಿಹಾರಕ್ಕೆ ಅರ್ಜಿ ಹಾಕುವಾಗ ಎರಡೂ ಬೇಕು. "ನಿಮ್ಮ ಹಳೇ ಊರಿನ ಹೆಸರು ಹಾಕಿ" ಅನ್ನುವ ಒಂದು ಖಾನೆ ಇದ್ದರೆ ಎಷ್ಟು ಮನೆಗಳ ಓಡಾಟ ತಪ್ಪುತ್ತಿತ್ತು. ಬೆಂಗಳೂರಿನಲ್ಲಿ ಕೂತು ಫಾರ್ಮ್ ಮಾಡಿದವರಿಗೆ ಮುಳುಗಿದ ಊರು ಅಂದರೆ ಏನು ಅಂತ ಹೊಳೆದೇ ಇರಲ್ಲ. ಅದಕ್ಕೇ ಅವರು ಇಲ್ಲಿಗೆ ಬಂದು ನಮ್ಮ ಜೊತೆ ಕೂತು ಮಾಡಬೇಕು ಅನ್ನುವುದು.

ಇಂಡಿ ಬಸ್ ಸ್ಟ್ಯಾಂಡ್
ಒಟಿಪಿ! ಒಟಿಪಿ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ. ನಮ್ಮ ಕಡೆ ಮಗ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿರುತ್ತಾನೆ. ಮನೆಯ ಎಲ್ಲ ಕಾಗದಕ್ಕೂ ಅವನದೇ ನಂಬರ್. ಅಜ್ಜಿ ಇಲ್ಲಿ ಕೌಂಟರ್ ಮುಂದೆ, ಒಟಿಪಿ ಅಲ್ಲಿ ಅವನ ಜೇಬಿನಲ್ಲಿ. ಅವನು ಸೆಂಟ್ರಿಂಗ್ ಕೆಲಸದಲ್ಲಿ ಇದ್ದಾಗ ಫೋನ್ ಎತ್ತಲ್ಲ. ಅಷ್ಟರಲ್ಲಿ ಸಮಯ ಮುಗಿಯಿತು, ಮತ್ತೆ ಮೊದಲಿನಿಂದ.

ಬನಹಟ್ಟಿ ಮಗ್ಗ
ಬೆರಳಚ್ಚಿನದೂ ಅದೇ ಕಥೆ. ನೇಕಾರರು, ಗೌಂಡಿಗಳು, ಕಬ್ಬು ಕಡಿಯುವವರು. ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದಿರುತ್ತೆ, ಯಂತ್ರ ತಗೊಳ್ಳಲ್ಲ. ಕಣ್ಣಿನ ಗುರುತು, ಮುಖದ ಗುರುತು ಇದೆ. ಅದನ್ನೂ ಅದೇ ಪರದೆಯಲ್ಲಿ ಮೊದಲಿಗೇ ಆಯ್ಕೆಯಾಗಿ ಕೊಡಬೇಕು. ಎಲ್ಲ ಸೋತ ಮೇಲೆ ಸಾಹೇಬರನ್ನು ಕೇಳಿ ಅನ್ನಬಾರದು.

ಅಥಣಿ ಕಬ್ಬು
ಕಬ್ಬು ಅಂದಿರಿ, ಅದಕ್ಕೆ ಕೇಳ್ತೇನೆ. ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಾರ್ಖಾನೆ 14 ದಿನದೊಳಗೆ ಬಿಲ್ ಕೊಡಬೇಕು, ತಡ ಮಾಡಿದರೆ ವರ್ಷಕ್ಕೆ ಶೇ. 15 ಬಡ್ಡಿ. ನಮ್ಮ ಕಾರ್ಖಾನೆಯ ಸಕ್ಕರೆ ಇಳುವರಿ ಎಷ್ಟು, ಎಫ್‌ಆರ್‌ಪಿ (ಕೇಂದ್ರ ನಿಗದಿ ಮಾಡುವ ಕನಿಷ್ಠ ಕಬ್ಬಿನ ಬೆಲೆ) ಎಷ್ಟು, ಬಾಕಿ ಎಷ್ಟು ಅಂತ ರೈತ ತನ್ನ ಮೊಬೈಲಿನಲ್ಲಿ ಕಾರ್ಖಾನೆ ಹೆಸರು ಒತ್ತಿ ನೋಡುವಂತಿದ್ದರೆ? ಈಗ ಇಂಥ ಮಾಹಿತಿ ಸಿಕ್ಕರೂ ರಾಜ್ಯಕ್ಕೆಲ್ಲ ಒಂದೇ ಪಿಡಿಎಫ್ ಪಟ್ಟಿಯಾಗಿ ಸಿಗುತ್ತೆ. ಅದರೊಳಗೆ ಹುಡುಕಿದರೆ ಸಿಗಲ್ಲ.

ಗುಳೇದಗುಡ್ಡ ಖಣ
ಹುಡುಕಿದರೆ ಸಿಗದಿರಲು ಕಾರಣ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಫಾಂಟ್. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಅಲ್ಲ ಅದು.

ಕಂಪ್ಯೂಟರ್ ಮಾಸ್ತರ (ಗೋಕಾಕ)
ನುಡಿಯನ್ನೇ ದೂರಬೇಡಿ. ಕನ್ನಡ ಗಣಕ ಪರಿಷತ್ತಿನವರ ಈಚಿನ ನುಡಿಯಲ್ಲಿ ಯೂನಿಕೋಡ್ ಬರುತ್ತೆ. ಕಚೇರಿಗಳಲ್ಲಿ ಹಳೇ ಆವೃತ್ತಿಯಲ್ಲಿ ಟೈಪ್ ಮಾಡುವ ರೂಢಿ ಉಳಿದಿದೆ, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆ. ಟೈಪ್ ಮಾಡಿದ ಆದೇಶವನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಅದು ಬರೀ ಚಿತ್ರ. ಗೂಗಲ್ ಅದನ್ನು ಸರಿಯಾಗಿ ಓದಲ್ಲ, ಕುರುಡರ ಸ್ಕ್ರೀನ್ ರೀಡರ್ ಓದಲ್ಲ, ಮೊಬೈಲಿನಲ್ಲಿ ಅಕ್ಷರ ಕಾಣಲ್ಲ. ಸಹಿ ಮಾಡಿದ ಪ್ರತಿ ಬೇಕಾದರೆ ಇರಲಿ. ಅದರ ಜೊತೆಗೇ ಅದೇ ಮಾತನ್ನು ಪುಟದ ಮೇಲೆ ಪಠ್ಯವಾಗಿ ಹಾಕಬೇಕು.

ಇದು ಕಾನೂನಿನಲ್ಲೂ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಂ ನೋಡಿ. ಯಾರೂ ಕೇಳದೆಯೇ ಮಾಹಿತಿ ಹೊರಗೆ ಹಾಕಬೇಕು. ಹಾಕುವಾಗ ಸ್ಥಳೀಯ ಭಾಷೆಯನ್ನೂ ಆ ಜಾಗಕ್ಕೆ ಹೊಂದುವ ವಿಧಾನವನ್ನೂ ಗಮನಿಸಬೇಕು.

ಕಿವಿಯಿಂದ ಓದುವವ (ವಿಜಯಪುರ)
ಮಾಸ್ತರ, ನೆನಪು ಮಾಡಿದ್ದಕ್ಕೆ ಧನ್ಯವಾದ. ನನಗೆ ಕಣ್ಣು ಕಾಣಲ್ಲ, ಫೋನು ಓದಿ ಹೇಳುತ್ತೆ. ಫಾರ್ಮ್ ಎಲ್ಲ ನಾನೇ ತುಂಬುತ್ತೇನೆ. ಕೊನೆಯಲ್ಲಿ ಕ್ಯಾಪ್ಚಾ (ಚಿತ್ರದಲ್ಲಿರುವ ಅಕ್ಷರ ನೋಡಿ ಟೈಪ್ ಮಾಡುವುದು) ಬರುತ್ತೆ, ಅಲ್ಲಿ ನಿಂತೆ. ಧ್ವನಿಯ ಆಯ್ಕೆ ಇರಲ್ಲ. ಪಕ್ಕದವರನ್ನು ಕರೆಯಬೇಕು, ಅವರು ನನ್ನ ಆಧಾರ್ ನಂಬರ್, ಬ್ಯಾಂಕ್ ಖಾತೆ ಎಲ್ಲ ನೋಡುತ್ತಾರೆ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದಿದೆ. ಸರ್ಕಾರಿ ಜಾಲತಾಣಗಳಿಗೆ ಕೇಂದ್ರದ ಮಾರ್ಗಸೂಚಿ 2009ರಿಂದಲೇ ಇದೆ, 2023ರಲ್ಲಿ ಮೂರನೇ ಆವೃತ್ತಿಯೂ ಬಂತು. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕಿನ ಹಕ್ಕಿನ ಭಾಗ ಅಂತ ಹೇಳಿತು. ಆಸಿಡ್ ದಾಳಿಗೆ ಒಳಗಾದವರು ಕಣ್ಣು ಮಿಟುಕಿಸಲು ಆಗದೆ ಗುರುತು ದೃಢೀಕರಣ (ಕೆವೈಸಿ) ಮಾಡಿಸಲಾಗದೆ ಹೋದ ಪ್ರಕರಣ ಅದು. ನಾವು ದಯೆ ಕೇಳುತ್ತಿಲ್ಲ.

ಟಿಳಕವಾಡಿ ಟೆಕ್ಕಿ
ಇದು ಎಲ್ಲಕ್ಕಿಂತ ಮೊದಲು ಆಗಬೇಕು. ಕ್ಯಾಪ್ಚಾಕ್ಕೆ ಧ್ವನಿ ಇಡುವುದು ದೊಡ್ಡ ಕೆಲಸವೇ ಅಲ್ಲ.

ಶಹಾಪುರ ಪೇಟೆ (ಬೆಳಗಾವಿ)
ಭಾಷೆ ಅಂದಿರಿ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮಾತ್ರ ಓದಬಲ್ಲ ಹಿರಿಯರು ಇದ್ದಾರೆ. ಪಿಂಚಣಿ ಪುಟ ಅವರಿಗೂ ಅರ್ಥವಾಗಬೇಕಲ್ವಾ?

ಕಿತ್ತೂರು ನಾಡು
ಮೊದಲು ಕನ್ನಡ ಪೂರ್ತಿಯಾಗಲಿ. "ಕನ್ನಡ" ಬಟನ್ ಒತ್ತಿದರೆ ಮೇಲಿನ ಪಟ್ಟಿ ಮಾತ್ರ ಕನ್ನಡ ಆಗುತ್ತೆ, ಒಳಗೆ ಎಲ್ಲ ಇಂಗ್ಲಿಷ್. ದೋಷದ ಸಂದೇಶವಂತೂ ಯಾವಾಗಲೂ ಇಂಗ್ಲಿಷಿನಲ್ಲೇ. ರಾಜ್ಯದ ಆಡಳಿತ ಭಾಷೆಗೆ 1963ರಲ್ಲೇ ಕಾಯ್ದೆ ಆಗಿದೆ. ಅದೇ ಇನ್ನೂ ಪರದೆ ಮೇಲೆ ಬಂದಿಲ್ಲ, ನೀವು ಮರಾಠಿ ಕೇಳ್ತೀರಿ.

ಶಹಾಪುರ ಪೇಟೆ (ಬೆಳಗಾವಿ)
ಕನ್ನಡ ಬೇಡ ಅಂತ ನಾನು ಎಲ್ಲಿ ಹೇಳಿದೆ? ನಾನು ಬರೆಯುತ್ತಿರುವುದೇ ಕನ್ನಡದಲ್ಲಿ. ಸಂವಿಧಾನದ 350ನೇ ವಿಧಿ ಓದಿ. ಅಹವಾಲು ಕೊಡುವವರು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲಾದರೂ ಕೊಡಬಹುದು.

ಘಟಪ್ರಭಾ ದಂಡೆ (ಮುಧೋಳ)
ಇಬ್ಬರಿಗೂ ಕೈ ಮುಗಿಯುತ್ತೇನೆ, ಗಡಿ ಜಗಳ ಇಲ್ಲಿ ಬೇಡ. ಕನ್ನಡ ಪೂರ್ತಿಯಾಗಬೇಕು ಅನ್ನುವುದು ನ್ಯಾಯ. ಹಿರಿಯರಿಗೆ ಸಹಾಯ ಸಿಗಬೇಕು ಅನ್ನುವುದೂ ನ್ಯಾಯ. 1902 ಸಹಾಯವಾಣಿಯಂಥ ಕಡೆ ಬಾಯಲ್ಲಿ ಹೇಳಿ ಕೆಲಸ ಮಾಡಿಸಿಕೊಳ್ಳುವ ದಾರಿ ಗಟ್ಟಿಯಾದರೆ ಓದಲು ಬಾರದವರಿಗೂ ಅನುಕೂಲ. ಮುಂದೆ ಹೋಗೋಣ.

ಒಳಗಿನವ
ಒಂದು ಇಲಾಖೆಯಲ್ಲಿ ಕೆಲಸ ಮಾಡುತ್ತೇನೆ, ಯಾವುದು ಅಂತ ಕೇಳಬೇಡಿ. ಯಾಕೆ ಹೀಗಾಗುತ್ತೆ ಅಂತ ಹೇಳಿದರೆ ಚರ್ಚೆಗೆ ಉಪಯೋಗ.

ಮೊದಲನೆಯದು, ಅರ್ಜಿಯ ನಮೂನೆ ಎಷ್ಟೋ ಸಲ ನಿಯಮದ ಪುಸ್ತಕದಲ್ಲೇ ಅಚ್ಚಾಗಿರುತ್ತೆ. ಒಂದು ಖಾನೆ ತೆಗೆಯಬೇಕಾದರೂ ನಿಯಮ ತಿದ್ದಬೇಕು. ಹಾಗಾಗಿ ಕಾಗದದ ಅರ್ಜಿಯನ್ನು ಹಾಗೇ ಪರದೆಗೆ ಇಳಿಸುತ್ತಾರೆ. ಆಮೇಲೆ ಹಣದ ವಿಷಯ. ಜಾಲತಾಣ ಕಟ್ಟಲು ಟೆಂಡರ್ ಆಗುತ್ತೆ, ಉದ್ಘಾಟನೆ ಆಗುತ್ತೆ. ಮುಂದೆ ಅದನ್ನು ದಿನಾ ನೋಡಿಕೊಳ್ಳಲು ಜನ ಇರಲ್ಲ. ಅಧಿಕಾರಿ ವರ್ಗವಾಗುತ್ತಾರೆ, ಹೊಸಬರಿಗೆ ಪಾಸ್‌ವರ್ಡ್ ಗೊತ್ತಿರಲ್ಲ. ಜಿಲ್ಲಾ ಜಾಲತಾಣಗಳೆಲ್ಲ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿಯ ಒಂದೇ ಅಚ್ಚಿನಲ್ಲಿ ಬರುತ್ತವೆ. ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ ಅಚ್ಚಿನೊಳಗೆ ಏನು ತುಂಬಬೇಕು ಅನ್ನುವುದು ಜಿಲ್ಲೆಯ ಕೈಯಲ್ಲಿದೆ. ನಾವು ಇತಿಹಾಸ, ಪ್ರವಾಸಿ ತಾಣ, ಅಧಿಕಾರಿಗಳ ಪಟ್ಟಿ ತುಂಬುತ್ತೇವೆ.

ಕೊನೆಯದು ನನಗೆ ನೋವಿನ ವಿಷಯ. ಒಪ್ಪಿಗೆ ಕೊಡುವ ಸಭೆಯಲ್ಲಿ ಪ್ರೊಜೆಕ್ಟರ್ ಮೇಲೆ ಮುಖಪುಟ ತೋರಿಸುತ್ತಾರೆ. ಬಣ್ಣ ಚೆನ್ನಾಗಿದೆ, ಫೋಟೋ ದೊಡ್ಡದಿರಲಿ ಅಂತ ಮಾತಾಗುತ್ತೆ. ಆ ಸಭೆಗೆ ಒಬ್ಬ ರೈತನನ್ನೂ ಕರೆಯಲ್ಲ. ಆಪರೇಟರ್‌ನನ್ನೂ ಕರೆಯಲ್ಲ.

ವಿಟಿಯು ಹುಡುಗಿ
ಒಳಗಿನವರು ಹೇಳಿದ ಕೊನೇ ವಿಷಯಕ್ಕೆ ಪರಿಹಾರ ಕಷ್ಟದ್ದಲ್ಲ. ಯಾಕೋಬ್ ನೀಲ್ಸನ್ ಅನ್ನುವ ತಜ್ಞ 2000ದಲ್ಲಿ ಬರೆದದ್ದು ನಮಗೆ ಪಾಠದಲ್ಲಿ ಬಂತು. ಐದು ಜನರನ್ನು ಕೂರಿಸಿ ಬಳಸಲು ಹೇಳಿ, ಸುಮ್ಮನೆ ನೋಡುತ್ತಾ ಕೂತರೆ ಹೆಚ್ಚಿನ ತೊಂದರೆಗಳು ಹೊರಗೆ ಬರುತ್ತವೆ. ಸರಿಪಡಿಸಿ ಮತ್ತೆ ಐದು ಜನ. ಗವ್.ಯುಕೆ ತಂಡದಲ್ಲಿ ಎಲ್ಲರೂ ಆರು ವಾರಕ್ಕೆ ಕನಿಷ್ಠ ಎರಡು ಗಂಟೆ ನಿಜವಾದ ಬಳಕೆದಾರರನ್ನು ನೋಡಬೇಕು ಅನ್ನುವ ಪದ್ಧತಿ ಇತ್ತು. ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆ ವಿಷಯ ಸಿಗದೆ ಒದ್ದಾಡುತ್ತೇವೆ. ಇದನ್ನೇ ಕೊಡಿ.

ಇಂಡಿ ಬಸ್ ಸ್ಟ್ಯಾಂಡ್
ತಂಗಿ, ಆ ಐದು ಜನ ಬೆಂಗಳೂರಿನ ಐದು ಜನ ಆಗಬಾರದು. ಸಂತೆ ದಿನ ಇಂಡಿಗೆ ಬನ್ನಿ. ಜನರ ಕೈಯಲ್ಲಿರುವ ಫೋನಿನಲ್ಲೇ ನೋಡಿ. ಗೆರೆ ಬಿದ್ದ ಪರದೆ, ಬಿಸಿಲು, ಬಂದು ಹೋಗುವ ನೆಟ್‌ವರ್ಕ್. ಅಲ್ಲಿ ನಡೆದರೆ ಎಲ್ಲಾ ಕಡೆ ನಡೆಯುತ್ತೆ.

ಜಮಖಂಡಿ ವಕೀಲ
ನಾನು ಸಕಾಲದ ಬಗ್ಗೆ, ಅಂದರೆ ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ರಾಜ್ಯದ ವ್ಯವಸ್ಥೆ ಬಗ್ಗೆ ಹೇಳುತ್ತೇನೆ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ಸೇವೆ ಶುರು. ಪ್ರತಿ ಅರ್ಜಿಗೆ 15 ಅಂಕಿಯ ನಂಬರ್, ಪ್ರತಿ ಸೇವೆಗೆ ಇಷ್ಟು ದಿನ ಅಂತ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಕಟ್ಟಿದ ರೀತಿ ಒಳ್ಳೆಯದು, ಕಾಯುವವನಿಗೆ ಒಂದು ದಿನಾಂಕ ಸಿಗುತ್ತೆ. ಆದರೆ ಆ ನಂಬರ್ ಹಾಕಿ ನೋಡಿದರೆ ಬರುವ ಉತ್ತರ "ಪರಿಶೀಲನೆಯಲ್ಲಿದೆ". ಯಾರ ಟೇಬಲ್ ಮೇಲೆ, ಏನು ಕೊರತೆ, ನಾನು ಏನು ಮಾಡಬೇಕು? ಅದು ಬೇಕು. "ತಿರಸ್ಕರಿಸಲಾಗಿದೆ" ಅಂದಮೇಲೆ ಕಾರಣ ಮತ್ತು ಮೇಲ್ಮನವಿ ಎಲ್ಲಿ ಅನ್ನುವುದು ಅದೇ ಸಾಲಿನಲ್ಲಿ ಇರಬೇಕು.

ಗ್ರಾಮ ಒನ್ ಆಪರೇಟರ್ (ಸಿಂದಗಿ ಕಡೆ)
ವಕೀಲರ ಮಾತಿಗೆ ನೂರಕ್ಕೆ ನೂರು. "ಏನಾಯಿತು ನನ್ನ ಅರ್ಜಿ" ಅಂತ ಕೇಳಲು ಬರುವವರೇ ನನ್ನ ಹತ್ತಿರ ಅರ್ಧ ಜನ. ನನಗೂ ಗೊತ್ತಿರಲ್ಲ.

ಘಟಪ್ರಭಾ ದಂಡೆ (ಮುಧೋಳ)
ಇಷ್ಟು ಜನ ಇಷ್ಟು ವಿವರ ಕೊಟ್ಟಿದ್ದೀರಿ, ಸುಮ್ನೆ ಬಿಡುವುದು ಬೇಡ. "ಮನೆಯಲ್ಲಿ ಸಾವಾಗಿದೆ, ಮುಂದೇನು" ಅನ್ನುವ ಒಂದು ಪುಟವನ್ನು ನಾವೇ ಬರೆಯೋಣ. ಎರಡು ಬದಿಯ ಒಂದು ಹಾಳೆ. ಗ್ರಾಮ ಪಂಚಾಯ್ತಿ ಗೋಡೆಗೆ ಅಂಟಿಸುವಂತಿರಲಿ, ಮೊಬೈಲಿನಲ್ಲೂ ಓದುವಂತಿರಲಿ. ಆಮೇಲೆ ಮೂರೂ ಜಿಲ್ಲೆಯ ಆಡಳಿತಕ್ಕೆ ಕೊಡೋಣ. ಕ್ರಮ ಏನು ಅಂತ ತಲಾಟಿ ಸರ್ ಹೇಳಲಿ.

ನಿವೃತ್ತ ತಲಾಟಿ
ಹೇಳುತ್ತೇನೆ. ಮೊದಲ ಸಾಲು ಮರಣ ನೋಂದಣಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ತಿಳಿಸಿದರೆ ತಡದ ಶುಲ್ಕ ಇಲ್ಲ. 30 ದಿನದವರೆಗೆ ತಡದ ಶುಲ್ಕ. ಒಂದು ವರ್ಷದೊಳಗೆ ಆದರೆ ಮೇಲಿನವರ ಒಪ್ಪಿಗೆ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಮನೆಯಲ್ಲಿ ಸತ್ತರೆ ಮನೆಯವರು ತಿಳಿಸಬೇಕು, ಆಸ್ಪತ್ರೆಯಲ್ಲಾದರೆ ಆಸ್ಪತ್ರೆಯವರು. ಹಳ್ಳಿಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ದಿನ, ತಿಂಗಳು ಅಂತ ಮುಂದೆ ಹಾಕುತ್ತಾರೆ.

ಎರಡನೇ ಸಾಲು, ಪ್ರಮಾಣ ಪತ್ರದಲ್ಲಿ ಹೆಸರು ಆಧಾರ್ ಮತ್ತು ಉತಾರದಲ್ಲಿ ಇರುವಂತೆಯೇ ಇದೆಯಾ ನೋಡಿಕೊಳ್ಳಿ ಅನ್ನುವುದು. ಬೈಲಹೊಂಗಲದ ಅಕ್ಕಾರು ಹೇಳಿದ ಕಷ್ಟವನ್ನು ಇಲ್ಲೇ ತಡೆಯಬೇಕು. ಪ್ರತಿಗಳನ್ನು ಒಂದಕ್ಕಿಂತ ಜಾಸ್ತಿ ತೆಗೆಸಿಟ್ಟುಕೊಳ್ಳಿ ಅಂತಲೂ ಬರೆಯಿರಿ. ಆಮೇಲೆ ವಂಶವೃಕ್ಷ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಕಡ್ಡಾಯ. ಆಮೇಲೆ ವಾರಸಾ. ವಿಧವಾ ವೇತನಕ್ಕೆ ವಾರಸಾ ಆಗುವವರೆಗೆ ಕಾಯಬೇಕಿಲ್ಲ, ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ. ಎಷ್ಟೋ ತಾಯಂದಿರು ಹೊಲದ ಕಾಗದ ಮುಗಿಯಲಿ ಅಂತ ಕೂತು ತಿಂಗಳುಗಟ್ಟಲೆ ವೇತನ ಕಳೆದುಕೊಳ್ಳುತ್ತಾರೆ.

ಕಿವಿಯಿಂದ ಓದುವವ (ವಿಜಯಪುರ)
ಹಾಳೆಯನ್ನು ಚಿತ್ರವಾಗಿ ಹಂಚಬೇಡಿ. ಪಠ್ಯವಾಗಿ ಕಳಿಸಿ. ಓದಿ ಧ್ವನಿಮುದ್ರಣ ಮಾಡುವ ಕೆಲಸ ನನ್ನದು, ವಾಟ್ಸಾಪ್‌ನಲ್ಲಿ ಅಜ್ಜಿಯರೂ ಕೇಳಬಹುದು.

ನವನಗರ ನಿವಾಸಿ
ಪುನರ್ವಸತಿ ಕೇಂದ್ರದವರಿಗೆ ಎರಡು ಸಾಲು ಬೇರೆ ಬರೆದುಕೊಡುತ್ತೇನೆ.

ವಿಟಿಯು ಹುಡುಗಿ
ಕರಡು ಬಂದ ಮೇಲೆ ನಾವು ಕೆಲವು ಗೆಳತಿಯರು ಸಂತೆಗೆ ಹೋಗಿ ಜನರಿಗೆ ಓದಲು ಕೊಟ್ಟು ನೋಡುತ್ತೇವೆ. ಎಲ್ಲಿ ನಿಂತರು, ಎಲ್ಲಿ ಕೇಳಿದರು ಅಂತ ಇಲ್ಲೇ ಬರೆಯುತ್ತೇವೆ.

ಜಮಖಂಡಿ ವಕೀಲ
ಜನರಿಗೆ ಕೊಡುವ ಮೊದಲು ನನಗೆ ಕಳಿಸಿ. ವಾರಸಾ ಸಾಲಿನಲ್ಲಿ ಒಂದು ಪದ ತಪ್ಪಿದರೂ ಮನೆಗಳಲ್ಲಿ ಜಗಳ ಆಗುತ್ತೆ.

ಗ್ರಾಮ ಒನ್ ಆಪರೇಟರ್ (ಸಿಂದಗಿ ಕಡೆ)
ತಲಾಟಿ ಸರ್, ರೈತರ ಎಫ್‌ಐಡಿ ಬಿಟ್ಟಿರಿ. ಉತಾರದಲ್ಲಿ ಹೊಸ ಹೆಸರು ಬಂದ ಕೂಡಲೇ ವಾರಸುದಾರರು ತಮ್ಮ ಎಫ್‌ಐಡಿಗೆ ಆ ಸರ್ವೆ ನಂಬರ್ ಸೇರಿಸಬೇಕು. ಇಲ್ಲದಿದ್ದರೆ ಬೆಳೆ ಪರಿಹಾರ ಬರಲ್ಲ. ವಾರಸಾ ಸಾಲಿನ ಕೆಳಗೇ ಇದನ್ನು ಹಾಕಿ.